ಕುಂಡದ ಬೇರಿಗೆ ಮೊದಲು ಬೇಕಾದ್ದು ಗಾಳಿ: ಬೆಳೆ ಮಾಧ್ಯಮ ಆರಿಸುವ, ಬೆರೆಸುವ ಬಗೆ

ಕುಂಡದಲ್ಲಿ ಸೊರಗಿದ ಗಿಡವೊಂದನ್ನು ಬೇರುಸಮೇತ ಹೊರತೆಗೆದು ನೋಡಿ. ಮೇಲಿನ ಎರಡು ಬೆರಳಿನಷ್ಟು ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ತಳದಲ್ಲಿ ಕೆಸರು. ಬೇರುಗಳೆಲ್ಲ ಮೇಲರ್ಧದಲ್ಲೇ ಕುಂಡದ ಒಳಗೋಡೆಯನ್ನು ಸುತ್ತಿಕೊಂಡಿರುತ್ತವೆ. ತಳಕ್ಕೆ ಇಳಿದ ಬೇರು ಕಂದುಬಣ್ಣಕ್ಕೆ ತಿರುಗಿದೆ, ಹಿಡಿದೆಳೆದರೆ ಹೊರಸಿಪ್ಪೆ ಕಳಚಿ ದಾರದಂಥ ನಾರು ಮಾತ್ರ ಕೈಗೆ ಬರುತ್ತದೆ. ಚರಂಡಿಯ ವಾಸನೆ. ಈ ಗಿಡಕ್ಕೆ ಗೊಬ್ಬರವೂ ಕಡಿಮೆಯಾಗಿರಲಿಲ್ಲ, ನೀರೂ ಕಡಿಮೆಯಾಗಿರಲಿಲ್ಲ. ಬೇರಿಗೆ ಉಸಿರು ಕಟ್ಟಿತು, ಅಷ್ಟೇ.

ಬೇರು ಆಮ್ಲಜನಕ ಬಳಸಿಯೇ ಬದುಕುತ್ತದೆ, ಪೋಷಕಾಂಶ ಹೀರುತ್ತದೆ. ಗಾಳಿ ತಪ್ಪಿದರೆ ಸುತ್ತ ನೀರು ತುಂಬಿದ್ದರೂ ಅದನ್ನು ಹೀರುವ ಶಕ್ತಿ ಅದಕ್ಕಿರುವುದಿಲ್ಲ. ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡು ಮತ್ತೆ ನೀರು ಹಾಕುತ್ತೇವೆ, ಗಿಡ ಪೂರ್ತಿ ಹೋಗುತ್ತದೆ. ಗಿಡ ನೆಟ್ಟ ಮೇಲೆ ಪೋಷಕಾಂಶದ ಕೊರತೆಯನ್ನು ತುಂಬಬಹುದು, ಪಿಎಚ್ (ಹುಳಿ-ಕ್ಷಾರದ ಮಟ್ಟ) ಏರುಪೇರಾದರೆ ಹಂತಹಂತವಾಗಿ ಸರಿಪಡಿಸಬಹುದು, ಉಪ್ಪು ಹೆಚ್ಚಾದರೆ ನೀರು ಹರಿಸಿ ತೊಳೆಯಬಹುದು. ಕಣಗಳ ನಡುವಿನ ಸಂದುಗಳನ್ನು ಮಾತ್ರ ಆಮೇಲೆ ತಿದ್ದಲಾಗದು. ಹಾಗಾಗಿ ಮಾಧ್ಯಮ, ಅಂದರೆ ಕುಂಡಕ್ಕೆ ತುಂಬುವ ಮಿಶ್ರಣ, ಆರಿಸುವಾಗ ಮೊದಲ ಗಮನ ಸಂದುಗಳ ಮೇಲೆ, ನಂತರ ಪಿಎಚ್ ಮತ್ತು ಉಪ್ಪಿನ ಮೇಲೆ, ಗೊಬ್ಬರದ ವಿಚಾರ ಎಲ್ಲಕ್ಕಿಂತ ಕೊನೆಗೆ. ಬಹಳಷ್ಟು ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ: ಯಾವ ಗೊಬ್ಬರ ಎಷ್ಟು ಸೇರಿಸಲಿ ಎಂಬುದೇ ಅವರ ಮೊದಲ ಪ್ರಶ್ನೆ.

ಹೊಲದ ಮಣ್ಣು ಕುಂಡಕ್ಕೆ ಏಕೆ ಒಗ್ಗುವುದಿಲ್ಲ

ಒಂದು ಸ್ಪಂಜು ತೆಗೆದುಕೊಳ್ಳಿ, ಪಾತ್ರೆ ತೊಳೆಯುವಂಥದ್ದೇ ಸಾಕು. ನೀರಿನಲ್ಲಿ ಪೂರ್ತಿ ನೆನೆಸಿ, ಅಂಗೈ ಮೇಲೆ ಅಡ್ಡ ಮಲಗಿಸಿ ಹಿಡಿಯಿರಿ. ನೀರು ತೊಟ್ಟಿಕ್ಕಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಹಿಂಡಬೇಡಿ, ಸುಮ್ಮನೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ಅದರೊಳಗಿನ ತೂತುಗಳೂ ಅವೇ; ಬದಲಾದದ್ದು ಎತ್ತರ ಮಾತ್ರ.

ಕುಂಡದೊಳಗೆ ನಡೆಯುವುದೂ ಇದೇ. ಎಷ್ಟೇ ದೊಡ್ಡ ತೂತು ಕೊರೆದಿರಿ, ನೀರು ಬಸಿದು ನಿಂತ ಮೇಲೂ ತಳದಲ್ಲೊಂದು ಪದರ ಪೂರ್ತಿ ತೋಯ್ದೇ ಇರುತ್ತದೆ. ಆ ಪದರ ಎಷ್ಟು ದಪ್ಪ ಎಂಬುದನ್ನು ನಿರ್ಧರಿಸುವುದು ಕಣಗಳ ಗಾತ್ರ, ಕುಂಡದ ಎತ್ತರವಲ್ಲ. ಒಂದು ಮಿಶ್ರಣದಲ್ಲಿ ಈ ಪದರ 4 ಸೆಂ.ಮೀ. ಎಂದಿಟ್ಟುಕೊಳ್ಳಿ. 30 ಸೆಂ.ಮೀ. ಎತ್ತರದ ಕುಂಡದಲ್ಲಿ ಅದು ಎಂಟನೇ ಒಂದು ಭಾಗಕ್ಕೂ ಹತ್ತಿರ. ಬೇರು ಮೇಲಿನ ಭಾಗದಲ್ಲಿ ನೆಮ್ಮದಿಯಾಗಿ ಬೆಳೆಯುತ್ತದೆ. ಅದೇ ಮಿಶ್ರಣವನ್ನು ಪ್ರೋಟ್ರೇಯ (ಸಸಿ ಬೆಳೆಸುವ ಸಣ್ಣ ಗುಳಿಗಳ ಟ್ರೇ) 5 ಸೆಂ.ಮೀ. ಆಳದ ಗುಳಿಗೆ ತುಂಬಿದರೆ ಐದರಲ್ಲಿ ನಾಲ್ಕು ಪಾಲು ಕೆಸರು. ಹೊಲದಲ್ಲಾದರೆ ಮಣ್ಣು ಕೆಳಕ್ಕೆ ಮೀಟರುಗಟ್ಟಲೆ ಹಬ್ಬಿರುತ್ತದೆ, ಅಷ್ಟುದ್ದದ ಸ್ಪಂಜು ನೀರನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಎರೆಹುಳು, ಬೇರು, ಇರುವೆಗಳು ದಾರಿ ಕೊರೆದಿರುತ್ತವೆ. ಅದೇ ಮಣ್ಣನ್ನು ಅಗೆದು, ಪುಡಿ ಮಾಡಿ, ಗೇಣುದ್ದದ ಕುಂಡಕ್ಕೆ ತುಂಬಿ ದಿನವೂ ಮೇಲಿನಿಂದ ನೀರು ಸುರಿದರೆ ಕೆಲವೇ ವಾರಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ತಳಕ್ಕೆ ಜಲ್ಲಿ ಅಥವಾ ಮಡಕೆ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಹಳೆಯದು, ಆದರೆ ತಪ್ಪು. ಸಣ್ಣ ಸಂದುಗಳಲ್ಲಿ ಹಿಡಿದಿಟ್ಟ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭಕ್ಕೆ ಇಳಿಯುವುದಿಲ್ಲ. ಜಲ್ಲಿಯ ಮೇಲೆಯೇ ತೋಯ್ದ ಪದರ ಕಟ್ಟಿಕೊಳ್ಳುತ್ತದೆ. ಅಂದರೆ ಕೆಸರನ್ನು ನಾವೇ ಬೇರಿನ ಹತ್ತಿರಕ್ಕೆ ಎತ್ತಿಕೊಟ್ಟಂತೆ. ಮಾಧ್ಯಮ ಸೋರದಿರಲು ತೂತಿನ ಮೇಲೊಂದು ಬಲೆ ತುಂಡು ಸಾಕು.

ಮಣ್ಣಿಗೆ ಒಂದಿಷ್ಟು ಮರಳು ಸೇರಿಸಿ ಸಡಿಲ ಮಾಡುವ ಪ್ರಯತ್ನವೂ ಹೆಚ್ಚಾಗಿ ಕೈಕೊಡುತ್ತದೆ. ಗೋಲಿಗಳ ರಾಶಿಗೆ ರಾಗಿ ಸುರಿದರೆ ಏನಾಗುತ್ತದೆ? ರಾಗಿ ಸಂದುಗಳಿಗೆ ಇಳಿದು ರಾಶಿ ಇನ್ನೂ ಬಿಗಿಯಾಗುತ್ತದೆ. ಜೇಡಿ ಮಣ್ಣಿನಲ್ಲಿ ಮರಳಿನ ಪಾಲು ಅರ್ಧಕ್ಕಿಂತ ಹೆಚ್ಚಾಗದ ಹೊರತು ಸಂದು ಹಿಗ್ಗುವುದಿಲ್ಲ. ಇದೇ ಕಾರಣಕ್ಕೆ ಒಂದು ಲೀಟರ್ ಕೋಕೋಪೀಟಿಗೆ (ತೆಂಗಿನ ಸಿಪ್ಪೆಯ ಪುಡಿ) ಒಂದು ಲೀಟರ್ ದಪ್ಪ ಪರ್ಲೈಟ್ (ಅರಳಿಸಿದ ಹಗುರ ಕಲ್ಲು) ಬೆರೆಸಿದರೆ ಎರಡು ಲೀಟರ್ ಆಗುವುದಿಲ್ಲ. ಲೆಕ್ಕ ಹಾಕುವಾಗ ಹತ್ತರಲ್ಲಿ ಒಂದೆರಡು ಪಾಲು ಹೆಚ್ಚಿಗೆ ಸಾಮಗ್ರಿ ಇಟ್ಟುಕೊಳ್ಳಿ.

ಒಂದು ಕಾಲಕ್ಕೆ ಹಸಿರುಮನೆಗಳಲ್ಲೂ ಮಣ್ಣೇ ಮುಖ್ಯ ಮಾಧ್ಯಮವಾಗಿತ್ತು. ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆಯಲ್ಲಿ 1930ರ ದಶಕದಲ್ಲಿ ರೂಪಿಸಿದ ಪ್ರಸಿದ್ಧ ಮಿಶ್ರಣದಲ್ಲಿ ಆವಿಯಲ್ಲಿ ಶುದ್ಧಗೊಳಿಸಿದ ಮಣ್ಣು 7 ಭಾಗ, ಪೀಟ್ (ಜೌಗಿನಲ್ಲಿ ಅರೆಕೊಳೆತ ಪಾಚಿ) 3 ಭಾಗ, ಮರಳು 2 ಭಾಗ. ಆದರೆ ಒಂದು ಕಡೆಯ ಮಣ್ಣಿನಂತೆ ಇನ್ನೊಂದು ಕಡೆಯದು ಇರುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಪೀಟಿಗೆ ವರ್ಮಿಕ್ಯುಲೈಟ್ (ಅರಳಿಸಿದ ಅಭ್ರಕದ ಜಾತಿಯ ಖನಿಜ) ಅಥವಾ ಪರ್ಲೈಟ್ ಬೆರೆಸಿ ಮಣ್ಣೇ ಇಲ್ಲದ ಮಿಶ್ರಣ ಕೊಟ್ಟ ಮೇಲೆ, ಪ್ರತಿ ಸಲವೂ ಒಂದೇ ಗುಣದ ಮಾಧ್ಯಮ ಮಾಡುವುದು ಸಾಧ್ಯವಾಯಿತು.

ಗಾಳಿಯ ಪಾಲನ್ನು ಅಳೆಯುವುದು

ಕೈಯಲ್ಲಿ ಹಿಡಿದು ಸಡಿಲವಾಗಿದೆ ಅನ್ನುವುದು ಅಳತೆಯಲ್ಲ. ಒಂದು ಅಳತೆ ಜಾಡಿ, ಅಂಟುಪಟ್ಟಿ, ಅಗಲ ಬೋಗುಣಿ ಇದ್ದರೆ ಸಾಕು. ನೀವು ನಿಜವಾಗಿ ನೆಡಲಿರುವ ಕುಂಡದಲ್ಲೇ ಈ ಪರೀಕ್ಷೆ ಮಾಡಬೇಕು, ಏಕೆಂದರೆ ಎತ್ತರ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ.

ಮೊದಲು ಕುಂಡದ ತೂತುಗಳನ್ನು ಹೊರಗಿನಿಂದ ಅಂಟುಪಟ್ಟಿಯಿಂದ ಮುಚ್ಚಿ, ಅಂಚಿನವರೆಗೆ ನೀರು ತುಂಬಿ ಎಷ್ಟು ಹಿಡಿಯುತ್ತದೆಂದು ಬರೆದುಕೊಳ್ಳಿ. ನೀರು ಚೆಲ್ಲಿ, ನೆಡುವಾಗಿನ ಹದಕ್ಕೆ ತೇವ ಮಾಡಿದ ಮಿಶ್ರಣವನ್ನು ತುಂಬಿ, ಮೇಜಿನ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿ ಅಂಚಿನ ಮಟ್ಟಕ್ಕೆ ತನ್ನಿ. ಈಗ ಒಂದು ಬದಿಯಿಂದ ನಿಧಾನವಾಗಿ ನೀರು ಹಾಕುತ್ತ ಹೋಗಿ. ಮೇಲ್ಮೈ ನೀರಿನಿಂದ ಹೊಳೆಯುವವರೆಗೆ. ಗಾಳಿಗುಳ್ಳೆಗಳು ಹೊರಬರಲು ಕೆಲವು ಗಂಟೆ ಬಿಡಿ, ಮಟ್ಟ ಇಳಿದರೆ ಮತ್ತೆ ತುಂಬಿ. ಆಮೇಲೆ ಕುಂಡವನ್ನು ಬೋಗುಣಿಯ ಮೇಲೆ ಎರಡು ಕಡ್ಡಿಗಳ ಆಧಾರದಲ್ಲಿಟ್ಟು ಅಂಟುಪಟ್ಟಿ ಕಿತ್ತುಬಿಡಿ. ಒಂದು ಗಂಟೆ ಬಸಿಯಲಿ. ಓರೆ ಮಾಡಬೇಡಿ, ಅಲುಗಾಡಿಸಬೇಡಿ. ಬೋಗುಣಿಯಲ್ಲಿ ಬಿದ್ದ ನೀರನ್ನು ಅಳೆದು, ಕುಂಡದ ಒಟ್ಟು ಅಳತೆಯಿಂದ ಭಾಗಿಸಿ 100ರಿಂದ ಗುಣಿಸಿ. 3 ಲೀಟರ್ ಕುಂಡದಿಂದ 480 ಮಿ.ಲೀ. ಬಸಿದರೆ ಗಾಳಿಯ ಪಾಲು ಶೇ. 16.

ನೀವು ಹೊಯ್ದ ನೀರಿನ ಲೆಕ್ಕ ಇಲ್ಲಿ ಬೇಕಿಲ್ಲ. ಮಿಶ್ರಣದಲ್ಲಿ ಮೊದಲೇ ತೇವ ಇರುವುದರಿಂದ ಅದು ಒಟ್ಟು ಸಂದುಗಳನ್ನು ತೋರಿಸುವುದಿಲ್ಲ; ಬಸಿದ ನೀರು ಮಾತ್ರ ಸತ್ಯ ಹೇಳುತ್ತದೆ, ಏಕೆಂದರೆ ನೀರು ಬಿಟ್ಟುಕೊಟ್ಟ ಜಾಗಕ್ಕೇ ಗಾಳಿ ಬರುತ್ತದೆ.

ಸಾಮಾನ್ಯ ಗಿಡಗಳ ಕುಂಡಕ್ಕೆ ಶೇ. 10ರಿಂದ 20 ಗಾಳಿ ಇರಲಿ. ವರ್ಷಗಟ್ಟಲೆ ಒಂದೇ ಕುಂಡದಲ್ಲಿರುವ ಗಿಡಗಳಿಗೆ, ದಿನಕ್ಕೆ ಹಲವು ಸಲ ಹನಿ ನೀರು ಬೀಳುವ ಹಸಿರುಮನೆ ಚೀಲಗಳಿಗೆ ಶೇ. 20ರಿಂದ 30. ಮರದ ಮೇಲೆ ಬೆಳೆಯುವ ಜಾತಿಯ ಆರ್ಕಿಡ್‌ಗಳಿಗೆ ಇದಕ್ಕೂ ಹೆಚ್ಚು. ಪ್ರೋಟ್ರೇ ಗುಳಿಯಲ್ಲಿ ಎಷ್ಟು ಒಳ್ಳೆಯ ಮಿಶ್ರಣವೂ ಶೇ. 10 ಮುಟ್ಟುವುದು ಕಷ್ಟ; ಅಲ್ಲಿ ಉಪಾಯವೆಂದರೆ ಇದ್ದುದರಲ್ಲಿ ಆಳವಾದ ಗುಳಿಯ ಟ್ರೇ ಆರಿಸುವುದು ಮತ್ತು ನೀರು ಹಾಕುವಾಗ ಕೈ ಬಿಗಿ ಹಿಡಿಯುವುದು.

ಹಸಿರುಮನೆಯವರು ಇದರಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಬೇಕು. ಬಿಸಿ ಏರಿದಂತೆ ಬೇರಿನ ಉಸಿರಾಟದ ವೇಗ ಏರುತ್ತದೆ, ಸುಮಾರಾಗಿ ಪ್ರತಿ 10 ಡಿಗ್ರಿಗೆ ಎರಡರಷ್ಟು. ಅದೇ ಹೊತ್ತಿಗೆ ಬೆಚ್ಚಗಾದ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಬೇಡಿಕೆ ಏರಿದಾಗಲೇ ಪೂರೈಕೆ ಇಳಿಯುವ ಸಂಕಟ ಅದು. ತಂಪು ದಿನಗಳಲ್ಲಿ ಸರಿಯಾಗಿದ್ದ ಮಿಶ್ರಣ ಬಿಸಿಲ ಕಾಲದಲ್ಲಿ ಬೇರು ಕೊಳೆಗೆ ಎಡೆಮಾಡುವುದು ಇದರಿಂದ.

ಸಾಮಗ್ರಿಗಳು, ಒಂದೊಂದರ ಗುಣ

ಕೋಕೋಪೀಟ್ ಎಂದರೆ ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಒಣಗಿದರೂ ಮತ್ತೆ ಸುಲಭವಾಗಿ ನೆನೆಯುತ್ತದೆ, ಪಿಎಚ್ ಸಾಮಾನ್ಯವಾಗಿ 5.5ರಿಂದ 6.8, ಅಂದರೆ ಸುಣ್ಣ ಬೇಕಿಲ್ಲ. ಇಷ್ಟೆಲ್ಲ ಒಳ್ಳೆಯ ಗುಣಗಳ ನಡುವೆ ಒಂದು ದೋಷವಿದೆ. ಸಿಪ್ಪೆಯಲ್ಲಿ ಪೊಟ್ಯಾಶಿಯಂ, ಸೋಡಿಯಂ, ಕ್ಲೋರೈಡ್ ಸಹಜವಾಗಿಯೇ ಹೆಚ್ಚು. ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಾದರಂತೂ ಇನ್ನೂ ಹೆಚ್ಚು. ತೊಳೆದರೆ ನೀರಿನಲ್ಲಿ ಕರಗಿದ ಉಪ್ಪು ಹೋಗುತ್ತದೆ. ಕಣಗಳಿಗೇ ಅಂಟಿ ಕುಳಿತ ಪೊಟ್ಯಾಶಿಯಂ, ಸೋಡಿಯಂ ಮಾತ್ರ ಹೋಗುವುದಿಲ್ಲ. ಗಿಡ ನೆಟ್ಟ ಮೇಲೆ ನೀವು ಕೊಟ್ಟ ಕ್ಯಾಲ್ಶಿಯಂ, ಮೆಗ್ನೀಶಿಯಂ ಆ ಜಾಗಗಳನ್ನು ಹಿಡಿಯುತ್ತವೆ, ಸೋಡಿಯಂ ಬಿಡುಗಡೆಯಾಗಿ ಬೇರಿನ ಬಳಿ ಬರುತ್ತದೆ. ಟೊಮೆಟೊ ಕಾಯಿಯ ತುದಿ ಕಪ್ಪಾಗುವುದು, ಸೊಪ್ಪಿನ ಎಳೆ ಎಲೆಯಂಚು ಸುಡುವುದು ಕೋಕೋಪೀಟಿನಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಅದನ್ನು ಹೀಗೆ ಸಿದ್ಧ ಮಾಡಿ. ಒತ್ತಿ ಕಟ್ಟಿದ 5 ಕಿಲೋ ಕೋಕೋಪೀಟ್ ಇಟ್ಟಿಗೆಗೆ ಸುಮಾರು 25 ಲೀಟರ್ ನೀರು ಕುಡಿಸಿ. ಅರಳಿ ಸುಮಾರು 65ರಿಂದ 75 ಲೀಟರ್ ಆಗುತ್ತದೆ. ತಳದಲ್ಲಿ ಬಸಿಯುವಂತಿರುವ ಡ್ರಮ್ಮಿಗೆ ಹಾಕಿ ಸಿಹಿನೀರಿನಿಂದ ಎರಡು ಮೂರು ಸಲ ತೊಳೆಯಿರಿ. ಬಸಿನೀರು ಮೊದಲು ಕಡುಕಂದು ಬಣ್ಣದ್ದಾಗಿರುತ್ತದೆ, ಅದಕ್ಕೆ ಗಾಬರಿ ಬೇಡ. ನೋಡಬೇಕಾದ್ದು ಇಸಿ, ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ವಿದ್ಯುತ್ ವಾಹಕತೆಯ ಅಳತೆ. ಅದು ತೊಳೆಯಲು ಬಳಸುವ ನೀರಿನ ಇಸಿಯ ಹತ್ತಿರಕ್ಕೆ ಬರುವವರೆಗೆ ತೊಳೆಯಿರಿ. ಬಳಿಕ 100 ಗ್ರಾಂ ಕ್ಯಾಲ್ಶಿಯಂ ನೈಟ್ರೇಟನ್ನು 15 ಲೀಟರ್ ನೀರಿನಲ್ಲಿ ಕರಗಿಸಿ ಎಲ್ಲ ಕಡೆಗೂ ಇಳಿಯುವಂತೆ ಹೊಯ್ದು 24 ಗಂಟೆ ಬಿಡಿ. ಕ್ಯಾಲ್ಶಿಯಂ ಕಣಗಳನ್ನು ಹಿಡಿದು ಪೊಟ್ಯಾಶಿಯಂ, ಸೋಡಿಯಂಗಳನ್ನು ಹೊರದಬ್ಬುತ್ತದೆ. ಕೊನೆಗೊಮ್ಮೆ ಸಿಹಿನೀರು ಹರಿಸಿ ಬಸಿಯಿರಿ. ಈ ಕೊನೆಯ ತೊಳೆತ ಬಿಟ್ಟರೆ ಹೊರಬಿದ್ದ ಉಪ್ಪು ಅಲ್ಲೇ ಉಳಿಯುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಮೆಗ್ನೀಶಿಯಂ ಸಲ್ಫೇಟನ್ನು ಕ್ಯಾಲ್ಶಿಯಂ ನೈಟ್ರೇಟಿನ ಗಟ್ಟಿ ದ್ರಾವಣಕ್ಕೆ ಬೆರೆಸಬೇಡಿ, ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ.

ಕೋಕೋಪೀಟ್ ಪುಡಿಯೊಂದನ್ನೇ ದೊಡ್ಡ ಕುಂಡಕ್ಕೆ ತುಂಬಿದರೆ ಕೆಲವು ತಿಂಗಳಲ್ಲಿ ಕುಸಿದು ಬಿಗಿಯುತ್ತದೆ. ಅರ್ಧದಿಂದ ಒಂದೂವರೆ ಸೆಂ.ಮೀ. ಗಾತ್ರದ ಸಿಪ್ಪೆ ಚೂರುಗಳನ್ನು ಶೇ. 30ರಷ್ಟು ಬೆರೆಸಿದರೆ ಆಕಾರ ಉಳಿಯುತ್ತದೆ.

ಪೀಟ್ ಎಂದರೆ ಜೌಗು ಪ್ರದೇಶಗಳಲ್ಲಿ ಸ್ಫ್ಯಾಗ್ನಂ ಪಾಚಿ ಸಾವಿರಾರು ವರ್ಷ ಅರೆಬರೆ ಕೊಳೆತು ಕೂಡಿದ್ದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುವ ಈ ಪದರಗಳು ಅಪಾರ ಇಂಗಾಲವನ್ನು ಹಿಡಿದಿಟ್ಟಿವೆ. ಕೋಕೋಪೀಟೋ ಕಾಂಪೋಸ್ಟ್ ತೊಗಟೆಯೋ ಸಿಗುವಾಗ ಪೀಟ್ ಬಳಸದಿರುವುದೇ ಒಳ್ಳೆಯದು. ಬಳಸಲೇಬೇಕಾದರೆ ನೆನಪಿರಲಿ: ಅದರ ಪಿಎಚ್ 3.5ರಿಂದ 4.5, ಹೆಚ್ಚಿನ ಗಿಡಗಳಿಗೆ ತೀರ ಹುಳಿ. ಲೀಟರಿಗೆ 3ರಿಂದ 5 ಗ್ರಾಂ ನುಣ್ಣನೆಯ ಡೋಲೊಮೈಟ್ ಸುಣ್ಣ ಬೆರೆಸಿ, ತೇವ ಮಾಡಿ, ಒಂದೆರಡು ವಾರ ಬಿಟ್ಟು ಪಿಎಚ್ ನೋಡಿದ ಮೇಲೆ ನೆಡಿ. ಪೂರ್ತಿ ಒಣಗಿದ ಪೀಟ್ ನೀರನ್ನು ಒಲ್ಲೆನ್ನುತ್ತದೆ; ಬಿಸಿನೀರಿನಲ್ಲಿ ನಾದಿದರೆ ಬೇಗ ನೆನೆಯುತ್ತದೆ.

ಪರ್ಲೈಟ್ ಜ್ವಾಲಾಮುಖಿಯ ಗಾಜುಶಿಲೆಯನ್ನು ಕುಲುಮೆಯಲ್ಲಿ ಅರಳಿಸಿದ್ದು, ಜೋಳ ಹುರಿದು ಅರಳು ಮಾಡಿದ ಹಾಗೆ. ತೀರ ಹಗುರ, ಕೊಳೆಯುವುದಿಲ್ಲ, ಗೊಬ್ಬರ ಹಿಡಿಯುವ ಗುಣವಿಲ್ಲ. 3ರಿಂದ 6 ಮಿ.ಮೀ. ದಪ್ಪದ್ದನ್ನೇ ಆರಿಸಿ, ಹುಡಿ ಪರ್ಲೈಟ್ ಸಂದುಗಳನ್ನು ತುಂಬಿ ನಿಮ್ಮ ಉದ್ದೇಶವನ್ನೇ ಕೆಡಿಸುತ್ತದೆ. ಚೀಲ ಬಿಚ್ಚಿದ ಕೂಡಲೇ ನೀರು ಚಿಮುಕಿಸಿ, ಮುಖಗವಸು ಹಾಕಿಕೊಳ್ಳಿ. ಅದರ ಧೂಳು ಗಂಟಲಿಗೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ವರ್ಮಿಕ್ಯುಲೈಟ್ ಇದರ ವಿರುದ್ಧ ಗುಣದ್ದು. ಅಭ್ರಕದ ಜಾತಿಯ ಖನಿಜ. ಅರಳಿದಾಗ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ತೆರೆದು ನೀರನ್ನೂ ಪೋಷಕಾಂಶವನ್ನೂ ಹಿಡಿಯುತ್ತದೆ. ಬೀಜ ಮೊಳೆಸಲು ಬಹಳ ಒಳ್ಳೆಯದು. ಒದ್ದೆಯಿದ್ದಾಗ ಒತ್ತಿದರೆ ಪದರ ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲವಾದ್ದರಿಂದ ದೀರ್ಘಕಾಲದ ಕುಂಡಕ್ಕೆ ಬೇಡ.

ಮರಳು ಹಾಕುವುದಾದರೆ ಅರ್ಧದಿಂದ 2 ಮಿ.ಮೀ. ಗಾತ್ರದ, ತೊಳೆದ, ಚೂಪು ಅಂಚಿನ ಮರಳು. ಗಾರೆಗೆ ಬಳಸುವ ನುಣ್ಣನೆಯದು, ಸಮುದ್ರದ್ದು ಬೇಡ. ಒಂದು ಲೀಟರ್ ಮರಳು ಸುಮಾರು 1.6 ಕಿಲೋ ತೂಗುತ್ತದೆ. ಗಾಳಿಗೆ ಉರುಳುವ ಎತ್ತರದ ಗಿಡಕ್ಕೆ ಅದು ಅನುಕೂಲ, ತಾರಸಿಯ ಮೇಲಿನ ನೂರು ಕುಂಡಗಳಿಗೆ ಅದೇ ಹೊರೆ. ಭತ್ತದ ಹೊಟ್ಟು ಪರ್ಲೈಟಿನ ಜಾಗದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕುದಿಸಿ ಒಣಗಿಸಿದ್ದಾದರೆ ಕಾಳು ಮೊಳೆಯುವ ಕಾಟವೂ ಇಲ್ಲ. ಸುಟ್ಟ ಹೊಟ್ಟಿನ ಬೂದಿ ಕ್ಷಾರೀಯ, ಶೇ. 10 ಮೀರಬಾರದು.

ಹಸಿ ಮರದ ಹೊಟ್ಟಿನ ಬಗ್ಗೆ ಗಟ್ಟಿಯಾಗಿ ಹೇಳಬೇಕು: ಕುಂಡಕ್ಕೆ ಹಾಕಬೇಡಿ. ಅದರಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ನೂರಾರು ಪಾಲು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೇ ಕಸಿದುಕೊಂಡು ಬೆಳೆಯುತ್ತವೆ. ಗಿಡ ಬುಡದಿಂದ ಹಳದಿಯಾಗುತ್ತ ಬರುತ್ತದೆ. ಹಸಿ ತೊಗಟೆಗೂ ಇದೇ ಮಾತು. ತಿಂಗಳುಗಟ್ಟಲೆ ಕಾಂಪೋಸ್ಟ್ ಮಾಡಿದ ಮೇಲೆ ಮಾತ್ರ ಅವು ಯೋಗ್ಯ.

ಎರೆಗೊಬ್ಬರ, ಕಾಂಪೋಸ್ಟ್, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಟ್ಟು ಮಿಶ್ರಣದ ಶೇ. 10ರಿಂದ 25ರೊಳಗಿರಲಿ. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಪ್ರೀತಿಯೇ ಇಲ್ಲಿ ಗಿಡಕ್ಕೆ ಮುಳುವಾಗುತ್ತದೆ: ಕಣ ಸಣ್ಣ, ಉಪ್ಪು ಹೆಚ್ಚು, ಮತ್ತು ಕೊಳೆಯುತ್ತ ಹೋದಂತೆ ಕುಂಡದೊಳಗೆ ಎಲ್ಲವೂ ಕುಸಿಯುತ್ತದೆ. ಕಳಿತಿದೆಯೇ ಎಂದು ತಿಳಿಯಲು ಎರಡು ಹಿಡಿ ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೂರು ದಿನ ಬೆಚ್ಚಗಿನ ಜಾಗದಲ್ಲಿಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಅಮೋನಿಯಾ ಮೂಗಿಗೆ ಹೊಡೆದರೆ, ಕೊಳೆತ ವಾಸನೆ ಬಂದರೆ ಇನ್ನೂ ಕಾಯಬೇಕು. ಕೊಟ್ಟಿಗೆ ಗೊಬ್ಬರದಲ್ಲಿ ಇನ್ನೊಂದು ಅಪಾಯವಿದೆ. ಹುಲ್ಲುಗಾವಲಿಗೆ ಸಿಂಪಡಿಸುವ ಅಮಿನೋಪಿರಾಲಿಡ್‌ನಂಥ ಕಳೆನಾಶಕಗಳು ದನದ ಹೊಟ್ಟೆಯನ್ನು ದಾಟಿಯೂ ಗೊಬ್ಬರದಲ್ಲಿ ಉಳಿಯುತ್ತವೆ. ಎಲ್ಲಿಂದ ಬಂದದ್ದೆಂದು ಗೊತ್ತಿಲ್ಲದ ಗೊಬ್ಬರವನ್ನು ಮೊದಲು ಒಂದು ಕುಂಡಕ್ಕೆ ಬೆರೆಸಿ ನಾಲ್ಕು ಹುರುಳಿಕಾಯಿ ಬೀಜ ಹಾಕಿ ಮೂರು ವಾರ ನೋಡಿ. ಎಲೆ ಸುರುಟಿ ಬಟ್ಟಲಿನಂತೆ ಮಡಚಿದರೆ ಆ ರಾಶಿಯನ್ನೇ ಮುಟ್ಟಬೇಡಿ.

ಪಿಎಚ್, ಇಸಿ ನೋಡುವುದು

ಮಾಧ್ಯಮ 1 ಅಳತೆ, ಬಟ್ಟಿ ಇಳಿಸಿದ ನೀರು 2 ಅಳತೆ. ಕಲಕಿ, ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಸೋಸಿ ಮೀಟರ್ ಅದ್ದಿ. ಮೀಟರನ್ನು ಪಿಎಚ್ 4 ಮತ್ತು 7ರ ದ್ರಾವಣಗಳಲ್ಲಿ ಮೊದಲು ಹೊಂದಿಸಿಕೊಳ್ಳದಿದ್ದರೆ ಅದು ತೋರಿಸುವ ಅಂಕಿಗೆ ಅರ್ಥವಿಲ್ಲ. ಮಣ್ಣಿಲ್ಲದ ಮಿಶ್ರಣಕ್ಕೆ ಪಿಎಚ್ 5.5ರಿಂದ 6.5, ಅಜೇಲಿಯಾ, ಬ್ಲೂಬೆರಿಯಂಥ ಹುಳಿಪ್ರಿಯ ಗಿಡಗಳಿಗೆ 4.5ರಿಂದ 5.5. ಈ 1:2 ಪದ್ಧತಿಯಲ್ಲಿ ಎಳೆ ಸಸಿಗಳಿಗೆ ಇಸಿ 0.75 mS/cm ಮೀರಬಾರದು, ಬೆಳೆದ ಗಿಡಗಳಿಗೆ 0.75ರಿಂದ 1.25 ಒಳ್ಳೆಯದು, 1.75 ದಾಟಿತೆಂದರೆ ತೊಳೆಯುವ ಹೊತ್ತು. ಬೇರೆ ಪದ್ಧತಿಯಲ್ಲಿ ಅಳೆದ ಅಂಕಿಗಳೊಂದಿಗೆ ಇವನ್ನು ಹೋಲಿಸಬೇಡಿ. ನೀರಿನ ಪ್ರಮಾಣ ಬದಲಾದರೆ ಅಂಕಿಯೂ ಬೇರೆ.

ನೀರನ್ನೂ ಅಳೆಯಿರಿ. ಬೈಕಾರ್ಬನೇಟ್ ಹೆಚ್ಚಿರುವ ಗಡಸು ನೀರು ಪ್ರತಿ ಸಲ ಚೂರು ಸುಣ್ಣ ಹಾಕಿದಂತೆ ಕೆಲಸ ಮಾಡುತ್ತದೆ. ಆರಂಭದಲ್ಲಿ 6 ಇದ್ದ ಪಿಎಚ್ ಎರಡು ಮೂರು ತಿಂಗಳಲ್ಲಿ 7 ದಾಟುತ್ತದೆ, ಕಬ್ಬಿಣ ಕುಂಡದಲ್ಲಿದ್ದೂ ಗಿಡಕ್ಕೆ ಸಿಗುವುದಿಲ್ಲ. ಅಂಥ ನೀರಿದ್ದರೆ ಮಿಶ್ರಣಕ್ಕೆ ಸುಣ್ಣ ಕಡಿಮೆ ಮಾಡಿ, ಇಲ್ಲವೇ ನೀರಿಗೇ ಆಮ್ಲ ಸೇರಿಸಿ ಸರಿಪಡಿಸಿ.

ಯಾವುದಕ್ಕೆ ಯಾವ ಮಿಶ್ರಣ

ಇಲ್ಲಿ ಹೇಳುವ ಭಾಗಗಳೆಲ್ಲ ಅಳತೆಯ ಲೆಕ್ಕ, ತೂಕದ್ದಲ್ಲ. ಒಂದೇ ಬಕೆಟ್ಟಿನಲ್ಲಿ ಅಳೆಯಿರಿ.

ಬೀಜದ ಟ್ರೇಗೆ ಜರಡಿ ಹಿಡಿದ, ತೊಳೆದ ಕೋಕೋಪೀಟ್ 3, ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ 1. ಗೊಬ್ಬರ ಬೇಡ, ಮೊದಲ ನಿಜ ಎಲೆ ಬರುವವರೆಗೆ ಬೀಜದಲ್ಲೇ ಬುತ್ತಿ ಇರುತ್ತದೆ, ಬಳಿಕ ನೀರಿನಲ್ಲಿ ಕರಗುವ ಗೊಬ್ಬರ ಲೀಟರಿಗೆ 1 ಗ್ರಾಂನಂತೆ ಶುರು ಮಾಡಿ. ಕಾಂಡದ ತುಂಡು ಬೇರೂರಿಸಲು ಪರ್ಲೈಟ್ ಮತ್ತು ಕೋಕೋಪೀಟ್ ಸಮಸಮ. ಇದರಲ್ಲೂ ಕಾಂಪೋಸ್ಟ್ ಸಲ್ಲದು, ಕತ್ತರಿಸಿದ ಗಾಯಕ್ಕೆ ಕೊಳೆ ತಗಲುತ್ತದೆ.

20ರಿಂದ 30 ಸೆಂ.ಮೀ. ಕುಂಡದ ತರಕಾರಿ, ಸೊಪ್ಪು, ಹೂಗಿಡಗಳಿಗೆ ಕೋಕೋಪೀಟ್ 5, ದಪ್ಪ ಪರ್ಲೈಟ್ ಅಥವಾ ಭತ್ತದ ಹೊಟ್ಟು 3, ಎರೆಗೊಬ್ಬರ 2. ದಿನಕ್ಕೆರಡು ಸಲ ನೀರು ಹಾಕುವ ಅಭ್ಯಾಸದವರು ಪರ್ಲೈಟ್ ಹೆಚ್ಚಿಸಿ. ಎರಡು ದಿನಕ್ಕೊಮ್ಮೆ ಮಾತ್ರ ಗಿಡದ ಬಳಿ ಬರುವವರು ಕೋಕೋಪೀಟ್ ಹೆಚ್ಚಿಸಿ. ಮಿಶ್ರಣ ಗಿಡಕ್ಕೆ ಒಪ್ಪಿದರೆ ಸಾಲದು, ನೀರು ಹಾಕುವ ಕೈಗೂ ಒಪ್ಪಬೇಕು.

ಹಸಿರುಮನೆಯಲ್ಲಿ ಹನಿ ನೀರಿನ ಜೊತೆ ಗೊಬ್ಬರ ಕೊಟ್ಟು ಬೆಳೆಸುವ ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಸೌತೆಗೆ ಗಿಡವೊಂದಕ್ಕೆ 10ರಿಂದ 15 ಲೀಟರ್ ಮಾಧ್ಯಮ: ಸಿದ್ಧಪಡಿಸಿದ ಕೋಕೋಪೀಟ್ 7, ಸಿಪ್ಪೆ ಚೂರು 3. ಕಾಂಪೋಸ್ಟ್ ಇಲ್ಲ. ಪೋಷಕಾಂಶವನ್ನು ಅಳೆದು ಕೊಡುವ ಕಡೆ ಅಳತೆಗೆ ಸಿಗದ ಗೊಬ್ಬರ ಬೆರೆತರೆ ಲೆಕ್ಕವೆಲ್ಲ ತಪ್ಪುತ್ತದೆ, ಹನಿ ಕೊಳವೆಯ ಕೆಳಗೆ ಪಾಚಿಯೂ ಕಟ್ಟುತ್ತದೆ. ಕೊಟ್ಟ ನೀರಿನಲ್ಲಿ ಶೇ. 10ರಿಂದ 20 ಬಸಿದು ಹೊರಬರುವಂತೆ ನೋಡಿಕೊಳ್ಳಿ, ಒಳಹೋಗುವ ನೀರಿನ ಇಸಿ ಮತ್ತು ಬಸಿನೀರಿನ ಇಸಿ ಎರಡನ್ನೂ ದಿನವೂ ಬರೆದಿಡಿ. ಬಸಿನೀರಿನದು ದಿನೇದಿನೇ ಏರುತ್ತಿದ್ದರೆ ಉಪ್ಪು ಒಳಗೆ ಕೂಡುತ್ತಿದೆ ಎಂದರ್ಥ.

ದೊಡ್ಡ ಕುಂಡದ ಹಣ್ಣಿನ ಗಿಡ, ಪೊದೆಗಳಿಗೆ ಬೇಗ ಕೊಳೆಯದ ಸಾಮಗ್ರಿ ಹೆಚ್ಚಿರಬೇಕು: ಕಾಂಪೋಸ್ಟ್ ಮಾಡಿದ ತೊಗಟೆ ಅಥವಾ ಸಿಪ್ಪೆ ಚೂರು 4, ಕೋಕೋಪೀಟ್ 2, ದಪ್ಪ ಮರಳು ಅಥವಾ ಪ್ಯೂಮಿಸ್ ಕಲ್ಲು (ತೂತು ತುಂಬಿದ ಹಗುರ ಜ್ವಾಲಾಮುಖಿ ಕಲ್ಲು) 2, ಗೋಡು ಮಣ್ಣು 1, ಕಾಂಪೋಸ್ಟ್ 1. ಕಳ್ಳಿ ಜಾತಿಯ ಗಿಡಗಳಿಗೆ 3ರಿಂದ 6 ಮಿ.ಮೀ. ಪ್ಯೂಮಿಸ್ ಅಥವಾ ಜರಡಿ ಹಿಡಿದ ಇಟ್ಟಿಗೆ ಚೂರು 2, ದಪ್ಪ ಮರಳು 1, ಕೋಕೋಪೀಟ್ 1. ಆರ್ಕಿಡ್‌ಗೆ ತೊಗಟೆ, ಇದ್ದಿಲು, ಸಿಪ್ಪೆಯ ದೊಡ್ಡ ತುಂಡುಗಳಷ್ಟೇ, ಪುಡಿ ಏನೂ ಬೇಡ.

ತುಂಬುವ ಕ್ರಮ

ಒಣ ಮಿಶ್ರಣವನ್ನು ಕುಂಡಕ್ಕೆ ತುಂಬಿ ಮೇಲಿನಿಂದ ನೀರು ಹೊಯ್ದರೆ ನೀರು ಅಂಚಿನಲ್ಲೇ ಜಾರಿ ತಳ ಸೇರುತ್ತದೆ, ನಡುವೆ ಒಣ ಉಂಡೆ ಉಳಿಯುತ್ತದೆ. ಹಿಂದಿನ ದಿನವೇ ನೀರು ಚಿಮುಕಿಸಿ, ತಿರುವಿ, ಮುಚ್ಚಿಡಿ. ಹಿಡಿಯಲ್ಲಿ ಬಿಗಿಯಾಗಿ ಹಿಸುಕಿದಾಗ ಬೆರಳ ಸಂದಿಯಿಂದ ಒಂದೆರಡು ಹನಿ ಮಾತ್ರ ಬೀಳಬೇಕು. ಕೈ ಬಿಚ್ಚಿ ಉಂಡೆಯನ್ನು ತಟ್ಟಿದರೆ ಒಡೆಯಬೇಕು. ಧಾರೆಯಾಗಿ ಸುರಿದರೆ ಹೆಚ್ಚಾಯಿತು, ಉಂಡೆಯೇ ಕಟ್ಟದಿದ್ದರೆ ಕಡಿಮೆಯಾಯಿತು.

ಕುಂಡಕ್ಕೆ ಸುರಿದು, ಒಂದೆರಡು ಸಲ ನೆಲಕ್ಕೆ ತಟ್ಟಿ ಅಷ್ಟಕ್ಕೇ ಬಿಡಿ. ಮುಷ್ಟಿಯಲ್ಲಿ ಒತ್ತಬಾರದು. ತುಂಬಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಲೂ ಬಾರದು: ಮೇಲಿನ ಟ್ರೇಯ ಗುಳಿಗಳು ಕೆಳಗಿನದರ ಮಾಧ್ಯಮವನ್ನು ಒತ್ತಿ, ಕಷ್ಟಪಟ್ಟು ಉಳಿಸಿದ ಗಾಳಿಯನ್ನೆಲ್ಲ ಹಿಂಡಿಬಿಡುತ್ತವೆ. ಅಡ್ಡ ಇಡಲು ಜಾಗವಿಲ್ಲದಿದ್ದರೆ ನಡುವೆ ಹಲಗೆಯಿಟ್ಟು ಪೇರಿಸಿ. ಮೇಲೆ 2ರಿಂದ 3 ಸೆಂ.ಮೀ. ಜಾಗ ಬಿಡಿ. ಬೊಗಸೆಯಷ್ಟು ಬೇರಿರುವ ಸಸಿಯನ್ನು ನೇರವಾಗಿ 20 ಲೀಟರ್ ಕುಂಡಕ್ಕೆ ನೆಡುವುದಕ್ಕಿಂತ ಹಂತಹಂತವಾಗಿ ದೊಡ್ಡದಕ್ಕೆ ಬದಲಿಸುವುದು ಒಳ್ಳೆಯದು; ಬೇರು ತಲುಪದ ಜಾಗದಲ್ಲಿ ನೀರು ದಿನಗಟ್ಟಲೆ ನಿಂತು ಹುಳಿಯುತ್ತದೆ. ಕಾಂಪೋಸ್ಟ್, ಪಾಟಿಂಗ್ ಮಿಶ್ರಣಗಳಲ್ಲಿ ಲೀಜನೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಇರಬಹುದು, ಅದರ ಹುಡಿ ಉಸಿರಿನಲ್ಲಿ ಹೋದರೆ ನ್ಯುಮೋನಿಯಾ ತರಬಲ್ಲದು. ಮಿಶ್ರಣವನ್ನು ತೇವದಲ್ಲೇ ಕಲಸಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಎಲೆ ತೋರಿಸುವ ಗುರುತುಗಳು

ಎಳೆ ಎಲೆ ಹಳದಿ, ನರಗಳು ಮಾತ್ರ ಹಸಿರು: ಪಿಎಚ್ ಏರಿ ಕಬ್ಬಿಣ ಸಿಗುತ್ತಿಲ್ಲ. ಕಬ್ಬಿಣದ ಗೊಬ್ಬರ ಸುರಿಯುವ ಮೊದಲು ಪಿಎಚ್ ಅಳೆಯಿರಿ, ಬೇರು ಕೊಳೆತಿದ್ದರೂ ಇದೇ ಚಿಹ್ನೆ ಕಾಣುತ್ತದೆ. ಹಳೆಯ ಎಲೆ ಪೂರ್ತಿ ಹಳದಿ: ಸಾರಜನಕ ಕಡಿಮೆ, ಅಥವಾ ಮಿಶ್ರಣದಲ್ಲಿ ಅರೆಕೊಳೆತ ವಸ್ತು ಇದೆ. ಎಲೆಯಂಚು ಸುಟ್ಟಂತೆ ಕಂದಾಗಿ, ಕುಂಡದಂಚಿನಲ್ಲಿ ಬಿಳಿ ಹರಳು ಕಟ್ಟಿದ್ದರೆ ಉಪ್ಪು. ಕುಂಡದ ಅಳತೆಯ ಎರಡರಷ್ಟು ಸಿಹಿನೀರನ್ನು ನಿಧಾನವಾಗಿ ಹರಿಸಿ. ಮಿಶ್ರಣ ಬಸಿಯದಿದ್ದರೆ ಇದನ್ನು ಮಾಡಲೂ ಆಗುವುದಿಲ್ಲ ಎಂಬುದನ್ನು ಗಮನಿಸಿ. ಸಸಿ ಬುಡದಲ್ಲಿ ನೂಲಿನಂತೆ ಸೊರಗಿ ಬೀಳುತ್ತಿದ್ದರೆ, ಮೇಲ್ಮೈ ಹಸಿರು ಪಾಚಿಗಟ್ಟಿ ಸಣ್ಣ ಕಪ್ಪು ನೊಣ ಹಾರುತ್ತಿದ್ದರೆ, ಔಷಧಿಗಿಂತ ಮೊದಲು ನೀರು ಕಡಿಮೆ ಮಾಡಿ.

ಹಳೆಯ ಮಾಧ್ಯಮ ಮತ್ತೆ ಬಳಸುವುದು

ಬೇರು ಕೊಳೆತು, ಸೊರಗು ರೋಗ ಬಂದು ಸತ್ತ ಗಿಡದ ಮಾಧ್ಯಮವನ್ನು ಕುಂಡಕ್ಕೆ ಮತ್ತೆ ಹಾಕಬೇಡಿ. ಆರೋಗ್ಯವಾಗಿದ್ದ ಗಿಡದ್ದಾದರೆ ದಪ್ಪ ಬೇರುಗಳನ್ನು ಆರಿಸಿ, 2 ಮಿ.ಮೀ. ಜರಡಿಯಲ್ಲಿ ಹುಡಿಯನ್ನು ಬೇರೆ ಮಾಡಿ, ಮೇಲುಳಿದ ದಪ್ಪವನ್ನು ಇಟ್ಟುಕೊಳ್ಳಿ; ಹುಡಿ ತೋಟದ ನೆಲಕ್ಕೆ ಹೋಗಲಿ. ಸಿಹಿನೀರಿನಲ್ಲಿ ತೊಳೆದು, ತೇವವಿರುವಾಗಲೇ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಳಗೆ ಗೇಣಿಗಿಂತ ಕಡಿಮೆ ದಪ್ಪಕ್ಕೆ ಹರಡಿ, ಅಂಚು ಮುಚ್ಚಿ, ಕಡು ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ಬಿಡಿ. ಆವಿಯ ಅನುಕೂಲ ಇರುವವರಿಗೆ ರಾಶಿಯ ನಡುಭಾಗ 60 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 30 ನಿಮಿಷ ಇದ್ದರೆ ಹೆಚ್ಚಿನ ರೋಗಕಾರಕಗಳು ಸಾಯುತ್ತವೆ. ಇನ್ನೂ ಬಿಸಿ ಮಾಡಿದರೆ ಇನ್ನೂ ಒಳ್ಳೆಯದೆಂದುಕೊಳ್ಳಬೇಡಿ: ಅತಿ ಬಿಸಿಗೆ ಮಣ್ಣಿನಿಂದ ಮ್ಯಾಂಗನೀಸ್, ಗೊಬ್ಬರದಿಂದ ಅಮೋನಿಯಾ ಬಿಡುಗಡೆಯಾಗಿ ಬೇರಿಗೆ ವಿಷವಾಗುತ್ತವೆ, ಉಪಕಾರಿ ಜೀವಿಗಳೂ ಉಳಿಯುವುದಿಲ್ಲ. ಹೀಗೆ ಶುದ್ಧ ಮಾಡಿದ್ದನ್ನು ಹೊಸ ಮಿಶ್ರಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆರೆಸದೆ, ನೆಡುವ ಮೊದಲು ಅದೇ ಕುಂಡದಲ್ಲಿ ಬಸಿನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.